ಬೊಡ್ಡೆ ಕಿತ್ತರೆ ಮೇವು ಬಂದೀತೆ?

ಕಾಡಂಚಿನ ಹೊಲಕ್ಕೆ ಆನೆ ಇಳಿದಾಗಲೆಲ್ಲ ಒಂದು ಸಲಹೆ ಕೇಳಿಬರುತ್ತದೆ: ಕಾಡಿನೊಳಗೆ ಮೇವಿಲ್ಲ, ಅದಕ್ಕೇ ಅವು ಹೊರಗೆ ಬರುತ್ತವೆ; ಒಳಗೊಂದಿಷ್ಟು ಜಾಗ ಬಯಲು ಮಾಡಿ, ಹಳೆಯ ಬೊಡ್ಡೆಗಳನ್ನು ಬೇರುಸಹಿತ ಕಿತ್ತು, ನೆಲ ಹಸನು ಮಾಡಿ ಹುಲ್ಲು ಬಿತ್ತಿ. ಹೀಗೆ ಹೇಳುವವರಲ್ಲಿ ಪ್ರಾಣಿಗಳ ಮೇಲೆ ನಿಜವಾದ ಅಕ್ಕರೆ ಇರುವವರೇ ಹೆಚ್ಚು. ಆದರೂ ಈ ಸಲಹೆಯನ್ನು ಇಡಿಯಾಗಿ ಒಪ್ಪಲು ನನಗೆ ಸಾಧ್ಯವಿಲ್ಲ. ಕೀಳಲೇಬೇಕಾದ ಬೊಡ್ಡೆಗಳಿವೆ, ಮುಟ್ಟಲೇಬಾರದ ಬೊಡ್ಡೆಗಳೂ ಇವೆ. ಎರಡನ್ನೂ ಒಂದೇ ಯಂತ್ರದ ಬಾಯಿಗೆ ಕೊಟ್ಟರೆ ಮೇವಿನ ಹೆಸರಿನಲ್ಲಿ ಮೇವನ್ನೇ ಕಳೆದುಕೊಳ್ಳುತ್ತೇವೆ.

ಈ ಪದ್ಧತಿ ಬೇರೂರಿರುವುದು ಅಮೆರಿಕದಲ್ಲಿ. ಅಲ್ಲಿ ಖಾಸಗಿ ಕಾಡಿನ ಒಡೆಯರು ಬುಲ್ಡೋಜರ್‌ನಿಂದ ಬೊಡ್ಡೆ ತೆಗೆದು, ಸುಣ್ಣ ಗೊಬ್ಬರ ಹಾಕಿ, ಬಿಳಿಬಾಲದ ಜಿಂಕೆಗಳಿಗೆಂದು ಕ್ಲೋವರ್ ಸೊಪ್ಪು ಬೆಳೆಸುತ್ತಾರೆ. ಇಪ್ಪತ್ತನೆಯ ಶತಮಾನದ ಹೊಸ್ತಿಲಲ್ಲಿ ಕೆಲವೇ ಲಕ್ಷಕ್ಕೆ ಇಳಿದಿದ್ದ ಆ ಜಿಂಕೆ ಈಗ ಸುಮಾರು ಮೂರು ಕೋಟಿ ಇದೆ. ಅಂದರೆ ಆ ಹೊಲಗಳ ಮುಖ್ಯ ಉದ್ದೇಶ ಹಸಿದ ಜೀವವನ್ನು ಉಳಿಸುವುದಲ್ಲ, ಬೇಟೆಗಾರನ ಕಣ್ಣಳತೆಗೆ ಜಿಂಕೆಯನ್ನು ತರುವುದು. ಬೇಟೆ ಅಲ್ಲಿ ಕಾನೂನುಬದ್ಧ. ಅವರ ಲೆಕ್ಕ ಅವರಿಗೆ ಸರಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ನೆರಳಿನಲ್ಲಿರುವ ನಮ್ಮ ಕಾಡಿಗೆ ಆ ಲೆಕ್ಕ ಹೊಂದುವುದಿಲ್ಲ. ಅಲ್ಲಿನ ತಜ್ಞರಲ್ಲೇ ಹಲವರು ಈಗ ಬೊಡ್ಡೆಯನ್ನು ಉಳಿಸಿಕೊಳ್ಳಿ ಎನ್ನುತ್ತಿದ್ದಾರೆ. ಕಡಿದ ಮರದ ಬೇರು ದೊಡ್ಡದು, ಅದರ ಮೇಲೆ ಬರುವ ಚಿಗುರು ಚಿಕ್ಕದು. ಬೇರಿನಲ್ಲಿ ಕೂಡಿಟ್ಟ ಸಾರವೆಲ್ಲ ಆ ಒಂದು ಹಿಡಿ ಎಲೆಗೆ ಏರುವುದರಿಂದ ಜಿಂಕೆಗೆ ಅದು ಬಹಳ ಪುಷ್ಟಿಕರ.

ಇದು ನಮ್ಮ ಎಲೆಯುದುರುವ ಕಾಡಿಗೂ ಸಲ್ಲುವ ಮಾತು. ಮತ್ತಿ, ದಿಂಡಿಗ, ತೇಗಗಳ ಬುಡ ಕಡಿದರೂ ಬೇರು ಸಾಯುವುದಿಲ್ಲ. ಮಳೆ ಬಿದ್ದೊಡನೆ ಸುತ್ತ ಚಿಗುರೊಡೆಯುತ್ತವೆ. ಎತ್ತರದ ಮರದ ಎಲೆ ಮುಸುವಕ್ಕೆ ಸಿಕ್ಕೀತೇ ಹೊರತು ಕಡವೆಗೆ ಸಿಗುವುದಿಲ್ಲ. ಬೊಡ್ಡೆಯ ಚಿಗುರು ಕಡವೆಯ ಬಾಯಿಯ ಮಟ್ಟಕ್ಕೇ ಇರುತ್ತದೆ, ಪುಟ್ಟ ಕಾಡುಕುರಿಗೂ ಎಟುಕುತ್ತದೆ. ಇನ್ನು ಪೂರ್ತಿ ಸತ್ತ ಬೊಡ್ಡೆ. ಅದಕ್ಕೆ ಗೆದ್ದಲು ಹಿಡಿಯುತ್ತದೆ, ಗೆದ್ದಲನ್ನು ಹುಡುಕಿ ಕರಡಿ ಬರುತ್ತದೆ. ಮರಕುಟಿಗ, ಉಡ, ಶಿಲೀಂಧ್ರ ಎಲ್ಲಕ್ಕೂ ಅಲ್ಲಿ ಪಾಲಿದೆ. ಕೊಳೆತ ಬೇರು ಮಣ್ಣಿನೊಳಗೆ ಬಿಟ್ಟುಹೋದ ಕೊಳವೆಗಳಲ್ಲಿ ಮಳೆನೀರು ಆಳಕ್ಕಿಳಿಯುತ್ತದೆ. ನಮ್ಮ ಕಣ್ಣಿಗೆ ಕಸವಾಗಿ ಕಾಣುವುದರಲ್ಲಿ ಇಷ್ಟೊಂದು ಬದುಕು ನಡೆದಿರುತ್ತದೆ.

ಜೆಸಿಬಿ ಬಂದರೆ ಏನಾಗುತ್ತದೆ? ಬೊಡ್ಡೆಯ ಜೊತೆ ಒಂದಾಳು ಗುಂಡಿಯಷ್ಟು ಮಣ್ಣು ಮೇಲೆ ಬರುತ್ತದೆ, ತಳದ ಗೊರಚು ಹೊರಬೀಳುತ್ತದೆ, ಮೊದಲ ಮುಂಗಾರಿಗೇ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಕದಡಿದ, ಬಿಸಿಲು ಬಿದ್ದ ನೆಲಕ್ಕಾಗಿಯೇ ಲಂಟಾನ, ಪಾರ್ಥೇನಿಯಂ, ಯುಪಟೋರಿಯಂ ಕಾದಿರುತ್ತವೆ. ಹುಲ್ಲು ಬರಲೆಂದು ತೆರವು ಮಾಡಿದ ಜಾಗದಲ್ಲಿ ಮೊದಲು ಮೊಳೆಯುವವು ಅವೇ.

ಕೀಳಬೇಕಾದ್ದು ಈ ಲಂಟಾನದಂಥವನ್ನು, ಮತ್ತು ಅದರಲ್ಲಿ ನನಗೆ ಯಾವ ಅಳುಕೂ ಇಲ್ಲ. ಅಮೆರಿಕ ಖಂಡದ ಉಷ್ಣವಲಯದಿಂದ ಅಲಂಕಾರಕ್ಕೆಂದು ಬಂದ ಗಿಡ ಇಂದು ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳಲ್ಲಿ ನೆಲದ ಹುಲ್ಲನ್ನು ಉಸಿರುಗಟ್ಟಿಸಿದೆ. ಬರಿದೆ ಸವರಿದರೆ ಅದು ಇಮ್ಮಡಿಯಾಗಿ ಚಿಗುರುತ್ತದೆ. ದೆಹಲಿ ವಿಶ್ವವಿದ್ಯಾಲಯದ ಸಿ. ಆರ್. ಬಾಬು ಮತ್ತು ಸಂಗಡಿಗರು ಕಾರ್ಬೆಟ್‌ನಲ್ಲಿ ಇದಕ್ಕೊಂದು ದಾರಿ ಕಂಡುಕೊಂಡರು. ಚಿಗುರುವ ಶಕ್ತಿಯಿರುವುದು ಕಾಂಡವೂ ಬೇರೂ ಕೂಡುವ ಗೆಣ್ಣಿನಲ್ಲಿ. ಮಣ್ಣಿನ ಮೇಲ್ಪದರದಲ್ಲೇ, ಆ ಗೆಣ್ಣಿನ ಕೆಳಗೆ ತಾಯಿಬೇರನ್ನು ಕಡಿದು, ಪೊದೆಯನ್ನು ಬುಡಮೇಲು ಮಾಡಿಟ್ಟರೆ ಅದು ಮತ್ತೆ ಬೇರು ಬಿಡದೆ ಒಣಗುತ್ತದೆ. ನೆಲ ಕದಡುವುದು ತೀರಾ ಕಡಿಮೆ. ಬೇಕಾದ್ದು ಗುದ್ದಲಿ ಮತ್ತು ತಿಳಿದ ಕೈ. ನಾಗರಹೊಳೆ, ವಯನಾಡಿನಲ್ಲಿ ಹಬ್ಬುತ್ತಿರುವ ಹಳದಿ ಹೂವಿನ ಸೆನ್ನಾ ಇನ್ನೂ ಹಟಮಾರಿ. ಕಡಿದ ಒಂದು ಬೊಡ್ಡೆಯಿಂದ ಹತ್ತಾರು ಕೊಂಬೆ ಎದ್ದುಬರುತ್ತವೆ. ಹಾಗಾಗಿ ಸಸಿಗಳನ್ನು ಬೇರುಸಹಿತ ಕಿತ್ತು, ದೊಡ್ಡ ಮರಗಳ ತೊಗಟೆಯನ್ನು ಎದೆಮಟ್ಟದಿಂದ ಬುಡದವರೆಗೆ ಸುಲಿದು ನಿಂತಲ್ಲೇ ಒಣಗಿಸುವ ಪ್ರಯೋಗ ವಯನಾಡಿನಲ್ಲಿ ನಡೆದಿದೆ.

ತೆರವಾದ ಮೇಲೆ ಏನು ಬಿತ್ತಬೇಕು? ಇಲ್ಲಿಯೇ ಆತುರ ಕೆಲಸ ಕೆಡಿಸುವುದು. ಸುಲಭವಾಗಿ ಸಿಗುವ ಮೇವೆಂದರೆ ನೇಪಿಯರ್, ಗಿನಿ ಹುಲ್ಲು. ಎರಡೂ ಆಫ್ರಿಕದ ಮೂಲದವು, ಕೊಟ್ಟಿಗೆಯ ದನಕ್ಕೆ ಒಳ್ಳೆಯವು. ಆದರೆ ಕಾಡಿಗೆ ಬಿಟ್ಟರೆ ಅವಕ್ಕೆ ಲಗಾಮು ಹಾಕುವವರಿಲ್ಲ. 2023ರಲ್ಲಿ ಹವಾಯಿಯ ಲಹೈನಾ ಪಟ್ಟಣ ಸುಟ್ಟುಹೋದಾಗ ಆ ಬೆಂಕಿಗೆ ಉರುವಲಾದ ಹುಲ್ಲುಗಳಲ್ಲಿ ಒಂದು ಕಾಲದಲ್ಲಿ ದನಗಳಿಗೆಂದು ತಂದ ಗಿನಿ ಹುಲ್ಲೂ ಇತ್ತು. ಬೇಸಿಗೆಯಲ್ಲಿ ಒಂದು ಕಿಡಿಗೆ ಹೆದರುವ ಬಂಡೀಪುರಕ್ಕೆ ಅದನ್ನು ತರುವುದು ಬೇಡ. ಗರಿಕೆ, ಕರಡ, ಬಾದೆಹುಲ್ಲುಗಳು ಬಿಸಿಲು ಸಿಕ್ಕ ಕಡೆ ತಾವಾಗಿ ಬರುತ್ತವೆ. ಬಾರದಿದ್ದರೆ ಹತ್ತಿರದ ಬಯಲಿನ ಬೀಜ ತಂದು ಚೆಲ್ಲಿದರಾಯಿತು. 1974ರಲ್ಲಿ ಕಟ್ಟಿದ ಕಬಿನಿ ಜಲಾಶಯದ ಹಿನ್ನೀರು ಬೇಸಿಗೆಯಲ್ಲಿ ಸರಿದಂತೆ ಹಸಿರು ಮೂಡುವುದನ್ನೂ ಅದಕ್ಕಾಗಿ ಆನೆಗಳು ನೂರುಗಟ್ಟಲೆ ಸೇರುವುದನ್ನೂ ನೋಡಿದವರಿಗೆ ಇದು ಗೊತ್ತು. ಅಲ್ಲಿ ಯಾರೂ ಏನನ್ನೂ ಬಿತ್ತಿಲ್ಲ. ಮಧ್ಯಪ್ರದೇಶದ ಕಾನ್ಹಾದಲ್ಲಿ 1970ರ ಹೊತ್ತಿಗೆ 66ಕ್ಕೆ ಕುಸಿದಿದ್ದ ಬಾರಾಸಿಂಗಾ ಜಿಂಕೆಗಳು ಚೇತರಿಸಿಕೊಂಡದ್ದರಲ್ಲಿ, ಊರುಗಳು ತೆರವಾದ ಮೇಲೆ ಹಳೆಯ ಹೊಲಗಳು ಹುಲ್ಲುಗಾವಲಾದದ್ದರ ಪಾಲು ದೊಡ್ಡದು. ಆ ಬಯಲುಗಳನ್ನು ಕಾಡು ಮತ್ತೆ ನುಂಗದಂತೆ ಕಳೆ ತೆಗೆಯುತ್ತಲೇ ಇರಬೇಕಾಗಿದೆ ಎಂಬುದನ್ನೂ ಮರೆಯಬಾರದು.

ಒಳಗೆ ಮೇವಿದ್ದರೆ ಆನೆ ಹೊರಗೆ ಬರುವುದಿಲ್ಲ ಎಂಬ ನಂಬಿಕೆಯ ಬಗ್ಗೆ ಒಂದು ಮಾತು. 1980ರ ದಶಕದ ಆರಂಭದಲ್ಲಿ ಚಾಮರಾಜನಗರದ ಸುತ್ತ ಆನೆಗಳನ್ನು ಹಿಂಬಾಲಿಸಿ ಅಧ್ಯಯನ ಮಾಡಿದ ರಾಮನ್ ಸುಕುಮಾರ್, ಕಾಡಿನ ಹುಲ್ಲಿಗಿಂತ ರಾಗಿಯಂಥ ಬೆಳೆಯಲ್ಲಿ ಪ್ರೋಟೀನು, ಕ್ಯಾಲ್ಸಿಯಂ, ಸೋಡಿಯಂ ಹೆಚ್ಚೆಂದೂ, ಹೊಲಕ್ಕೆ ನುಗ್ಗುವುದರಲ್ಲಿ ಬೆಳೆದ ಗಂಡಾನೆಗಳೇ ಮುಂದೆಂದೂ ತೋರಿಸಿದರು. ಅಂಥ ಸಲಗಕ್ಕೆ ಕಾಡಿನೊಳಗಿನ ಹುಲ್ಲು ರಾಗಿಯ ಬದಲಿಯಾಗಲಾರದು. ಹುಲ್ಲುಗಾವಲನ್ನು ಉಳಿಸಬೇಕಾದ್ದು ಕಡವೆ, ಜಿಂಕೆ, ಕಾಟಿಗಳಿಗಾಗಿ, ಅವನ್ನು ನಂಬಿದ ಹುಲಿಗಾಗಿ. ರೈತನಿಗೆ ಬೇಲಿಯೂ ತಡವಾಗದ ಪರಿಹಾರವೂ ಬೇರೆಯಾಗಿಯೇ ಸಿಗಬೇಕು. ಹುಲ್ಲು ಬಿತ್ತಿದ್ದೇವೆ ಎಂದು ಹೇಳಿ ಅವನ ನಷ್ಟದ ಹೊಣೆಯಿಂದ ಯಾರೂ ಜಾರಿಕೊಳ್ಳಬಾರದು.

ಕಾನೂನೂ ಇಲ್ಲಿ ಎಚ್ಚರ ಹೇಳುತ್ತದೆ. ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಂದ ಸತ್ತ ಮರ, ಬಿದ್ದ ಮರ, ಹುಲ್ಲನ್ನು ಕೂಡ ಒಯ್ಯುವುದಕ್ಕೆ ಸುಪ್ರೀಂ ಕೋರ್ಟ್ 2000ದ ಫೆಬ್ರವರಿಯಲ್ಲಿ ತಡೆ ಹಾಕಿತು. ವನ್ಯಜೀವಿಗಳ ಒಳಿತಿಗೆ ಅಗತ್ಯವೆಂದು ತೋರಿಸಿಕೊಟ್ಟರೆ ಮಾತ್ರ ಕಾಯ್ದೆ ಕಾಡಿಗೆ ಕೈ ಹಾಕಲು ಬಿಡುತ್ತದೆ. ಒಳಿತು ಯಾವುದೆಂದು ಬಲ್ಲವರು ಬರೀ ಕಚೇರಿಗಳಲ್ಲಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆ ಬಲಿಯುವ ಮುಂಚೆ ಹಾಕುತ್ತಿದ್ದ ತರಗು ಬೆಂಕಿ ಒಣ ಎಲೆಯನ್ನಷ್ಟೇ ತೆಳ್ಳಗೆ ಸುಟ್ಟು ಹುಲ್ಲಿಗೆ ಎಡೆ ಕೊಡುತ್ತಿತ್ತು. ಅದು ನಿಂತ ಮೇಲೆ ಲಂಟಾನ ಬೆಳೆಯಿತೆಂದು ಅವರು ಬಹುಕಾಲದಿಂದ ಹೇಳುತ್ತಿದ್ದಾರೆ. ಆ ಮಾತಿಗೆ ಸಿಗಬೇಕಾದ ಬೆಲೆ ಇನ್ನೂ ಸಿಕ್ಕಿಲ್ಲ. ಯಂತ್ರದ ಬಿಲ್ಲು ಒಂದೇ ಬೇಸಿಗೆಯಲ್ಲಿ ಮುಗಿಯುತ್ತದೆ. ಆದರೆ ಹಕ್ಕಿಗಳು ಉದುರಿಸಿದ ಲಂಟಾನ ಬೀಜ ಮರುವರ್ಷ, ಅದರ ಮರುವರ್ಷವೂ ಮೊಳೆಯುತ್ತದೆ. ಪ್ರತಿ ಮಳೆಗಾಲದ ಬಳಿಕ ಯಾರಾದರೂ ಹೋಗಿ ಎಳೆಯ ಗಿಡಗಳನ್ನು ಕೈಯಿಂದ ಕೀಳಬೇಕು. ಜೆಸಿಬಿಗೆ ಎತ್ತಿಟ್ಟ ಹಣವನ್ನು ಸೋಲಿಗರ, ಜೇನುಕುರುಬರ ಹಾಡಿಗಳಿಗೆ ನಾಲ್ಕೈದು ವರ್ಷದ ಕೂಲಿಯಾಗಿ ಕೊಡಬೇಕು, ಯಾವ ಬೊಡ್ಡೆ ಉಳಿಯಬೇಕು ಯಾವುದು ಹೋಗಬೇಕು ಎಂದು ಗುರುತು ಹಾಕುವ ಅಧಿಕಾರದ ಜೊತೆಗೆ.