ಉಪ್ಪು ಬೇಡ, ಪಾಚಿ ಬೇಕು!

ನಮ್ಮ ಚಿಕ್ಕಮ್ಮನ ಅಡುಗೆಮನೆಯ ಕಟ್ಟೆಯ ಮೇಲೆ ಎರಡು ಡಬ್ಬಿಗಳು ಪಕ್ಕಪಕ್ಕದಲ್ಲೇ ಕೂತಿವೆ. ಒಂದರಲ್ಲಿ ಗುಲಾಬಿ ಬಣ್ಣದ ಸೈಂಧವ ಲವಣ. ‘ಪ್ಯಾಕೆಟ್ ಉಪ್ಪಿಗೆ ಏನೋ ಕೆಮಿಕಲ್ ಬೆರೆಸ್ತಾರಂತೆ’ ಎಂದು ಮಾಮೂಲಿ ಉಪ್ಪನ್ನು ಎರಡು ವರ್ಷದ ಹಿಂದೆಯೇ ಮನೆಯಿಂದ ಆಚೆ ಹಾಕಿದವರು ಅವರು. ಇನ್ನೊಂದರಲ್ಲಿ ಕೆಲ್ಪ್ ಎಂಬ ಕಂದು ಕಡಲಪಾಚಿಯ ಮಾತ್ರೆ. ಅರವತ್ತಕ್ಕೆ ಸಾವಿರದ ಚಿಲ್ಲರೆ ರೂಪಾಯಿ. ಇದ್ಯಾಕೆ ಎಂದು ಕೇಳಿದರೆ, ‘ಥೈರಾಯ್ಡಿಗೆ ಅಯೋಡಿನ್ ಬೇಕಲ್ವೇನೋ’ ಎಂದರು. ಉಪ್ಪಿನಲ್ಲಿದ್ದ ಆ ‘ಕೆಮಿಕಲ್’ ಅಯೋಡಿನ್ನೇ ಚಿಕ್ಕಮ್ಮಾ ಎನ್ನುವಷ್ಟರಲ್ಲಿ ಕುಕ್ಕರ್ ಕೂಗಿತು, ಮಾತು ಅಲ್ಲಿಗೇ ನಿಂತಿತು.

ಡಬ್ಬಿಯನ್ನು ತಿರುಗಿಸಿ ನೋಡಿದೆ. ಅಲೆ, ಎಲೆ, ಸಸ್ಯಾಹಾರದ ಹಸಿರು ಚುಕ್ಕೆ, ‘ನೂರಕ್ಕೆ ನೂರು ನೈಸರ್ಗಿಕ’ ಎಂಬ ಘೋಷಣೆ. ‘ಕೆಲ್ಪ್ ಪುಡಿ 500 ಮಿಲಿಗ್ರಾಂ’ ಎಂದಿತ್ತು. ಆ ಪುಡಿಯಲ್ಲಿ ಅಯೋಡಿನ್ ಎಷ್ಟು ಎಂಬುದು ಮಾತ್ರ ಎಲ್ಲೂ ಇರಲಿಲ್ಲ. ಕೆಳಗಡೆ, ಇರುವೆ ಸಾಲಿನಂಥ ಅಕ್ಷರದಲ್ಲಿ, ‘ಔಷಧೀಯ ಬಳಕೆಗಲ್ಲ’. ಥೈರಾಯ್ಡಿಗೆಂದೇ ಮಾರುವ ಮಾತ್ರೆ ಔಷಧಿಯಲ್ಲವಂತೆ! ನನ್ನ ತಕರಾರು ಕಡಲಪಾಚಿಯ ಮೇಲಲ್ಲ, ಡಬ್ಬಿಯ ಮೇಲೆ ಕಾಣೆಯಾಗಿರುವ ಆ ಒಂದು ಸಾಲಿನ ಮೇಲೆ.

ಬೆಳೆದ ಮನುಷ್ಯನಿಗೆ ದಿನಕ್ಕೆ ಬೇಕಾದ ಅಯೋಡಿನ್ 150 ಮೈಕ್ರೊಗ್ರಾಂ. ಗರ್ಭಿಣಿಗೆ 250. ದಿನಕ್ಕೆ 600 ದಾಟಬಾರದು ಎನ್ನುತ್ತದೆ ಯುರೋಪು, 1,100 ಎನ್ನುತ್ತದೆ ಅಮೆರಿಕ. ಇನ್ನು ಪಾಚಿಯ ಲೆಕ್ಕ ನೋಡಿ. 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಅಂಗಡಿಯಲ್ಲಿ ಸಿಗುವ ಬಗೆಬಗೆಯ ಕಡಲಪಾಚಿಗಳನ್ನು ಪರೀಕ್ಷಿಸಿದಾಗ ಗ್ರಾಂಗೆ 16 ಮೈಕ್ರೊಗ್ರಾಂನಿಂದ ಹಿಡಿದು 8,000ಕ್ಕೂ ಹೆಚ್ಚು ಅಯೋಡಿನ್ ಸಿಕ್ಕಿತ್ತು. ಆ ಮೇಲ್ತುದಿಯಲ್ಲಿದ್ದದ್ದು ಕೆಲ್ಪ್ ಹರಳುಗಳೇ. ಚಿಕ್ಕಮ್ಮನ ಅರ್ಧ ಗ್ರಾಂ ಮಾತ್ರೆಯಲ್ಲಿ ಅಂಥ ಪುಡಿ ಇದ್ದರೆ, ಬೆಳಿಗ್ಗೆ ಒಂದು ಗುಟುಕು ನೀರಿನೊಡನೆ ಅವರು ಇಪ್ಪತ್ತಾರು ದಿನದ ಅಯೋಡಿನ್ ನುಂಗುತ್ತಿದ್ದಾರೆ. ಇಲ್ಲದಿದ್ದರೆ ಬರೀ ಪಾಚಿ ನುಂಗುತ್ತಿದ್ದಾರೆ. ಯಾವುದು ಎಂದು ಅವರಿಗೂ ಗೊತ್ತಿಲ್ಲ, ಮಾರಿದವನೂ ಹೇಳುವುದಿಲ್ಲ.

‘ಹೆಚ್ಚಾದರೆ ಮೂತ್ರದಲ್ಲಿ ಹೋಗುತ್ತೆ ಬಿಡಿ’ ಎನ್ನುವ ಜಾಣರಿದ್ದಾರೆ. ಹೋಗುವುದೇನೋ ನಿಜ, ಆದರೆ ಹೋಗುವ ಮುನ್ನ ಕೆಲಸ ಕೆಡಿಸಿ ಹೋಗುತ್ತದೆ. ಅಯೋಡಿನ್ ಒಮ್ಮೆಲೇ ನುಗ್ಗಿದರೆ ಥೈರಾಯ್ಡ್ ಗ್ರಂಥಿ ಬಾಗಿಲು ಹಾಕಿಕೊಂಡು ಹಾರ್ಮೋನು ತಯಾರಿಸುವುದನ್ನೇ ನಿಲ್ಲಿಸುತ್ತದೆ. ವುಲ್ಫ್ ಮತ್ತು ಚೈಕಾಫ್ ಎಂಬ ವಿಜ್ಞಾನಿಗಳು ಇದನ್ನು 1948ರಲ್ಲೇ ತೋರಿಸಿದ್ದರು. ಆರೋಗ್ಯವಂತರಲ್ಲಿ ಆ ಬಾಗಿಲು ಕೆಲ ದಿನಗಳಲ್ಲಿ ತೆರೆದುಕೊಳ್ಳುತ್ತದೆ. ದೇಹವೇ ತನ್ನ ಗ್ರಂಥಿಯ ಮೇಲೆ ದಾಳಿ ಮಾಡುವ ಹಾಶಿಮೊಟೊ ತೊಂದರೆ ಇರುವವರಲ್ಲಿ ಎಷ್ಟೋ ಸಲ ತೆರೆದುಕೊಳ್ಳುವುದಿಲ್ಲ. ಅಯೋಡಿನ್ ಉಪ್ಪು ತಿನ್ನುವ ನಾಡಿನಲ್ಲಿ ಥೈರಾಯ್ಡ್ ಕುಂದಲು ಮುಖ್ಯ ಕಾರಣ ಈ ಹಾಶಿಮೊಟೊ, ಅಯೋಡಿನ್ ಕೊರತೆಯಲ್ಲ. ಅಂದರೆ ಈ ಮಾತ್ರೆಯನ್ನು ಯಾರಿಗೆ ಹುಡುಕಿಕೊಂಡು ಹೋಗಿ ಮಾರುತ್ತಿದ್ದಾರೋ ಅವರೇ ಅದನ್ನು ಮುಟ್ಟಬಾರದವರು. ಕೆಲವರಲ್ಲಿ ಉಲ್ಟಾ ಆಗಿ ಥೈರಾಯ್ಡ್ ಕೆರಳಿ, ಎದೆ ಡವಗುಟ್ಟಿ, ತೂಕ ಇಳಿಯುತ್ತದೆ. ಅದನ್ನೂ ‘ಪಾಚಿಯಿಂದ ಸಣ್ಣಗಾದೆ’ ಎಂದು ಹೇಳಿಕೊಂಡು ಓಡಾಡುವವರಿದ್ದಾರು!

ಇದು ಹೆದರಿಸುವ ಮಾತಲ್ಲ. ಆಸ್ಟ್ರೇಲಿಯಾದಲ್ಲಿ ಬಾನ್‌ಸಾಯ್ ಎಂಬ ಸೋಯಾ ಹಾಲು ಜನಪ್ರಿಯವಾಗಿತ್ತು. ಕುಡಿಯುತ್ತಿದ್ದವರು ಆರೋಗ್ಯದ ಕಾಳಜಿ ಉಳ್ಳವರೇ. ರುಚಿಗೆಂದು ಅದಕ್ಕೆ ಜಪಾನಿನ ಕೊಂಬು ಬೆರೆಸುತ್ತಿದ್ದರು, ಅದೂ ಕಂದು ಕಡಲಪಾಚಿಯೇ. ಒಬ್ಬೊಬ್ಬರೇ ಥೈರಾಯ್ಡ್ ಕೆಟ್ಟು ಆಸ್ಪತ್ರೆ ಸೇರಿದಾಗ, ವೈದ್ಯರು ಮೂಲ ಹುಡುಕಿಕೊಂಡು ಆ ಹಾಲಿನ ಪೊಟ್ಟಣದ ತನಕ ಬಂದರು. 2009ರ ಡಿಸೆಂಬರಿನಲ್ಲಿ ಅದನ್ನು ಮಾರುಕಟ್ಟೆಯಿಂದ ಹಿಂದಕ್ಕೆ ಪಡೆದರು. ನೂರಾರು ಜನ ಒಟ್ಟಾಗಿ ಕೋರ್ಟಿಗೆ ಹೋಗಿ, 2014ರಲ್ಲಿ 2.5 ಕೋಟಿ ಆಸ್ಟ್ರೇಲಿಯನ್ ಡಾಲರಿಗೆ ರಾಜಿಯಾಯಿತು. ತಮಾಷೆ ಏನು ಗೊತ್ತೇ? ಜನರಿಗೆ ಅಯೋಡಿನ್ ಸಾಲುತ್ತಿಲ್ಲವೆಂದು ಬ್ರೆಡ್ಡಿಗೆ ಅಯೋಡಿನ್ ಉಪ್ಪನ್ನು ಆ ದೇಶ ಕಡ್ಡಾಯ ಮಾಡಿದ್ದು ಅದೇ 2009ರ ಅಕ್ಟೋಬರಿನಲ್ಲಿ. ಅಳೆದು ಬೆರೆಸಿದ್ದು ಮದ್ದಾಯಿತು, ಅಳೆಯದೆ ಬೆರೆಸಿದ್ದು ಮೊಕದ್ದಮೆಯಾಯಿತು.

ಜಪಾನಿನವರು ದಿನವೂ ಕಡಲಪಾಚಿ ತಿಂದು ನೂರು ವರ್ಷ ಬದುಕುವುದಿಲ್ಲವೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ತಿನ್ನುತ್ತಾರೆ, ನಿಜ. ಚಿಕ್ಕಂದಿನಿಂದ, ಊಟದಲ್ಲಿ, ಸೋಯಾದ ಜೊತೆಗೆ ತಿನ್ನುತ್ತಾರೆ. ಹಾಗಿದ್ದೂ ಹೊಕ್ಕೈಡೊ ಕರಾವಳಿಯ ಮೀನುಗಾರರ ಊರುಗಳಲ್ಲಿ ಅತಿಯಾದ ಕೊಂಬುವಿನಿಂದಲೇ ಗಳಗಂಡ ಕಾಣಿಸಿಕೊಂಡದ್ದು 1960ರ ದಶಕದಲ್ಲೇ ವರದಿಯಾಗಿದೆ. ಕಥೆಯ ಆ ಭಾಗ ಜಾಹೀರಾತಿನಲ್ಲಿ ಬರುವುದಿಲ್ಲ.

ಅಯೋಡಿನ್ ಒಂದೇ ಅಲ್ಲ. ಕಂದು ಪಾಚಿ ಸಮುದ್ರದ ಆರ್ಸೆನಿಕ್ಕನ್ನೂ ಹೀರಿಕೊಳ್ಳುತ್ತದೆ. ಹಿಜಿಕಿ ಎಂಬ ಬಗೆಯನ್ನು ತಿನ್ನಲೇಬೇಡಿ ಎಂದು ಬ್ರಿಟನ್ನಿನ ಆಹಾರ ಇಲಾಖೆ 2004ರಲ್ಲಿ ಹೇಳಿತು. ಕ್ಯಾಲಿಫೋರ್ನಿಯಾದ ವೈದ್ಯರು 2007ರಲ್ಲಿ ಬರೆದ, ಆರ್ಸೆನಿಕ್ ಶಂಕೆಯ ಪ್ರಕರಣ ಒಂದಿದೆ: ಕೆಲ್ಪ್ ಮಾತ್ರೆ ತೆಗೆದುಕೊಳ್ಳುತ್ತಿದ್ದ 54 ವರ್ಷದ ಹೆಂಗಸಿಗೆ ಕೂದಲು ಉದುರಿ, ಮನೆಯ ವಿಳಾಸವೇ ಮರೆತುಹೋಗುವಂತಾಯಿತು. ಗುಣವಾಗಲೆಂದು ಆಕೆ ಮಾಡಿದ್ದು, ಎರಡಿದ್ದ ಮಾತ್ರೆಯನ್ನು ನಾಲ್ಕು ಮಾಡಿದ್ದು. ಆರ್ಸೆನಿಕ್ಕಿನಲ್ಲಿ ಅಪಾಯವಿಲ್ಲದ ಬಗೆಯೂ ಇದೆ, ಅದನ್ನು ಬೇರ್ಪಡಿಸಿ ನೋಡಿಲ್ಲ ಎಂದು ಟೀಕಾಕಾರರು ಆಕ್ಷೇಪಿಸಿದರು. ಆಕ್ಷೇಪ ಸರಿಯೇ. ಹಾಗಾದರೆ ಬೇರ್ಪಡಿಸಿ, ಪರೀಕ್ಷಿಸಿ, ಡಬ್ಬಿಯ ಮೇಲೆ ಬರೆಯಿರಿ.

ಪಾಚಿಯಲ್ಲಿ ಗುಣವಿಲ್ಲವೆಂದಲ್ಲ. ಅದರ ಆಲ್ಜಿನೇಟ್ ಎಂಬ ನಾರು ಎದೆಯುರಿಯ ಸಿರಪ್ಪಿನಲ್ಲಿ ನಿಜಕ್ಕೂ ಕೆಲಸ ಮಾಡುತ್ತದೆ. ಅದರಲ್ಲೇ ಇರುವ ಫ್ಯೂಕಾಯ್ಡಾನ್ ಎಂಬ ಅಂಶ ಕ್ಯಾನ್ಸರಿಗೆ ಮದ್ದು ಎಂಬ ಮಾತು ಬಹುಮಟ್ಟಿಗೆ ಗಾಜಿನ ತಟ್ಟೆ ಮತ್ತು ಇಲಿಗಳನ್ನು ದಾಟಿಲ್ಲ. ಕಡಲಪಾಚಿ ಕೃಷಿಗೆ ಕೇಂದ್ರ ಸರ್ಕಾರ ಮತ್ಸ್ಯ ಸಂಪದ ಯೋಜನೆಯಲ್ಲಿ 640 ಕೋಟಿ ರೂಪಾಯಿ ಇಟ್ಟಿತ್ತು. ತಮಿಳುನಾಡಿನ ರಾಮನಾಥಪುರದ ಕಡಲಲ್ಲಿ ಎದೆಮಟ್ಟದ ನೀರಿಗಿಳಿದು ದುಡಿಯುವ ಹೆಂಗಸರಿಗೆ ಅದು ಅನ್ನ, ನನ್ನ ವಿರೋಧವಿಲ್ಲ. ಅವರು ಬೆಳೆಯುವುದು ಹೆಚ್ಚಾಗಿ ಕೆಂಪು ಪಾಚಿ, ಅದರ ಕಥೆಯೇ ಬೇರೆ.

ನನಗೆ ಸಿಟ್ಟು ಬರುವುದು ಉಪ್ಪಿಗಾದ ಅವಮಾನಕ್ಕೆ. 1956ರಲ್ಲಿ ವೈದ್ಯವಿಜ್ಞಾನಿ ರಾಮಲಿಂಗಸ್ವಾಮಿಯವರು ಹಿಮಾಚಲದ ಕಾಂಗ್ಡಾ ಕಣಿವೆಯಲ್ಲಿ ಅಯೋಡಿನ್ ಬೆರೆಸಿದ ಉಪ್ಪು ಹಂಚಿ, ಗಳಗಂಡ ಇಳಿಯುವುದನ್ನು ವರ್ಷಗಟ್ಟಲೆ ಅಳೆದು ತೋರಿಸಿದರು. 1962ರಲ್ಲಿ ಅದು ರಾಷ್ಟ್ರೀಯ ಕಾರ್ಯಕ್ರಮವಾಯಿತು. ನಾವು ಕೊಳ್ಳುವ ಉಪ್ಪಿನಲ್ಲಿ ಗ್ರಾಂಗೆ ಕನಿಷ್ಠ 15 ಮೈಕ್ರೊಗ್ರಾಂ ಅಯೋಡಿನ್ ಇರಬೇಕೆಂಬ ಕಾನೂನಿದೆ. ಹತ್ತು ಗ್ರಾಂ ಉಪ್ಪಿಗೆ ಸರಿಯಾಗಿ 150. ಚಿಲ್ಲರೆ ಕಾಸಿನಲ್ಲಿ, ತೂಗಿ ಅಳೆದು ಕೊಟ್ಟದ್ದನ್ನು ‘ಕೆಮಿಕಲ್’ ಎಂದು ಬೀದಿಗೆಸೆದು, ಅದನ್ನೇ ಅಳತೆಯಿಲ್ಲದೆ ಸಾವಿರ ರೂಪಾಯಿಗೆ ಕೊಂಡರೆ ಅದು ನಿಸರ್ಗಪ್ರೇಮವಲ್ಲ.

ಗಳಗಂಡ, ಮಧುಮೇಹ, ಕ್ಯಾನ್ಸರ್, ಬೊಜ್ಜು ವಾಸಿ ಮಾಡುತ್ತೇವೆಂದು ಜಾಹೀರಾತು ಕೊಡುವುದು ಔಷಧ ಜಾಹೀರಾತುಗಳ ಕುರಿತ 1954ರ ಕಾಯ್ದೆಯ ಪ್ರಕಾರ ಅಪರಾಧ. ಹೊಸ ಕಾನೂನು ಬೇಕಿಲ್ಲ, ಇರುವುದನ್ನು ಬಳಸಿದರೆ ಸಾಕು. ಜೊತೆಗೆ ಆಹಾರ ಸುರಕ್ಷತಾ ಪ್ರಾಧಿಕಾರ ಒಂದು ಸಾಲನ್ನು ಕಡ್ಡಾಯ ಮಾಡಲಿ: ಪ್ರತಿ ಮಾತ್ರೆಯಲ್ಲಿ ಅಯೋಡಿನ್ ಇಷ್ಟು ಮೈಕ್ರೊಗ್ರಾಂ, ಥೈರಾಯ್ಡ್ ತೊಂದರೆ ಇರುವವರು ವೈದ್ಯರನ್ನು ಕೇಳದೆ ನುಂಗಬಾರದು.

ಅಲ್ಲಿಯತನಕ, ನಿಮ್ಮ ಮನೆಯಲ್ಲೂ ಇಂಥ ಡಬ್ಬಿ ಇದ್ದರೆ ಇವತ್ತೇ ತಿರುಗಿಸಿ ನೋಡಿ. ಅಯೋಡಿನ್ನಿನ ಲೆಕ್ಕ ಬರೆದಿಲ್ಲದಿದ್ದರೆ ಮುಚ್ಚಳ ತೆಗೆಯಬೇಡಿ. ನೀವು ಗರ್ಭಿಣಿಯಾಗಿದ್ದರೆ, ಥೈರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ, ಲೆಕ್ಕ ಬರೆದಿದ್ದರೂ ಮೊದಲು ವೈದ್ಯರಿಗೆ ತೋರಿಸಿ.