ದೀಪದ ಮೇಲೆ ಟೇಪ್ ಅಂಟಿಸಿದ್ರೆ ರಿಪೇರಿ ಆಯ್ತಾ?

ಬೈಕಿನ ಮೀಟರಿನಲ್ಲಿ ಹಳದಿ ಎಬಿಎಸ್ ದೀಪ ಆರದೇ ಉರೀತಾ ಇದ್ರೆ ನಮ್ಮ ಹಾಸನ ಸೀಮೆಯಲ್ಲಿ ಸಿಗೋದು ಎರಡೇ ಮದ್ದು. "ಯೂನಿಟ್ ಹೋಗಿದೆ ಸರ್, ಪೂರ್ತಿ ಬದಲಾಯಿಸ್ಬೇಕು" ಅನ್ನೋದು ಒಂದು. "ಅದರ ಮೇಲೊಂದು ಕಪ್ಪು ಟೇಪ್ ಅಂಟಿಸ್ಬುಡಿ ಅಣ್ಣ, ಬ್ರೇಕ್ ಹಿಡೀತದಲ್ಲ" ಅನ್ನೋದು ಇನ್ನೊಂದು. ಮೊದಲನೆಯದು ಗಾಜಿನ ಬಾಗಿಲಿನ ಸರ್ವಿಸ್ ಸೆಂಟರಿನದು, ಎರಡನೆಯದು ರಸ್ತೆ ಬದಿಯ ಗ್ಯಾರೇಜಿನದು. ಇಬ್ಬರೂ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು ನೋಡಲ್ಲ. ನನ್ನ ತಕರಾರು ಇದೇ.

ನನ್ನದು 2019ರ ಬೈಕು. ಮುಂದಿನ ಚಕ್ರಕ್ಕೆ ಮಾತ್ರ ಎಬಿಎಸ್ ಇರೋ ಸಿಂಗಲ್ ಚಾನೆಲ್. 125 ಸಿಸಿ ಮೇಲ್ಪಟ್ಟ ಹೊಸ ಮಾಡೆಲ್‌ಗಳಿಗೆ 2018ರ ಏಪ್ರಿಲ್ 1ರಿಂದ, ಮೊದಲೇ ಮಾರಾಟದಲ್ಲಿದ್ದ ಮಾಡೆಲ್‌ಗಳಿಗೆ 2019ರ ಏಪ್ರಿಲ್ 1ರಿಂದ ಎಬಿಎಸ್ ಕಡ್ಡಾಯ ಆಯ್ತಲ್ಲ, ಆಗ ಬಂದ ಬೈಕುಗಳೆಲ್ಲ ಈಗ ಹಳೇವು. ವಾರಂಟಿ ಮುಗಿದು ಎಷ್ಟೋ ಕಾಲ ಆಯ್ತು. ಇನ್ನು ಮುಂದೆ ಈ ದೀಪ ಹಳ್ಳಿ ಹಳ್ಳಿಯಲ್ಲೂ ಹತ್ತುತ್ತೆ, ನೋಡ್ತಾ ಇರಿ.

ಹೊಳೆನರಸೀಪುರದಲ್ಲಿ ಮುಂದಿನ ಚಕ್ರ ಬಿಚ್ಚಿ ಟೈರ್ ಹಾಕಿಸಿದೆ. ವಾಪಸ್ ಬರೋವಾಗ ದೀಪ ಹತ್ತಿತು. ಕೀ ಆನ್ ಮಾಡಿದಾಗ ದೀಪ ಹತ್ತೋದು ಸರಿಯೇ, ಹತ್ತಲೇಬೇಕು. ಬೈಕು ಹೊರಟು ಗಂಟೆಗೆ 5-10 ಕಿ.ಮೀ. ವೇಗ ದಾಟಿದ ಮೇಲೆ ಆರಬೇಕು. ನನ್ನದು ಆರಲಿಲ್ಲ. ಹಾಸನದ ಒಂದು ಸರ್ವಿಸ್ ಸೆಂಟರಿಗೆ ಕೊಟ್ಟೆ. ಮಧ್ಯಾಹ್ನ ಫೋನು: ಮಾಡ್ಯುಲೇಟರ್ ಹೋಗಿದೆ, ಇಪ್ಪತ್ತು ಸಾವಿರದ ಮೇಲಾಗುತ್ತೆ. ಈ ಬೈಕು ಮಾರಿದ್ರೆ ಬರೋದೇ ಅದರ ಎರಡರಷ್ಟು ಇರಬಹುದು ಸ್ವಾಮಿ! "ಏನು ಫಾಲ್ಟ್ ಕೋಡ್ ಬಂತು?" ಅಂತ ಕೇಳಿದೆ. "ಅದನ್ನ ಕಸ್ಟಮರ್‌ಗೆ ಹೇಳೋ ಹಾಗಿಲ್ಲ ಸರ್" ಅಂದ್ರು.

ಇಲ್ಲೇ ನನಗೆ ಪಿತ್ತ ನೆತ್ತಿಗೇರಿದ್ದು. ಎಬಿಎಸ್ ಕಂಪ್ಯೂಟರ್ ಸುಮ್ಮನೆ ದೀಪ ಹತ್ತಿಸಲ್ಲ. ಯಾಕೆ ಹತ್ತಿಸಿದೆ ಅಂತ ತನ್ನೊಳಗೆ ಬರೆದಿಟ್ಟುಕೊಂಡಿರುತ್ತೆ. ಸೆನ್ಸರಿನ ಸಿಗ್ನಲ್ ಬರ್ತಿಲ್ಲ, ವೋಲ್ಟೇಜ್ ಕಮ್ಮಿ, ಪಂಪಿನ ಮೋಟಾರ್ ತಿರುಗ್ತಿಲ್ಲ, ಹೀಗೆ. ನನ್ನ ದುಡ್ಡಿನ ಬೈಕು ನನ್ನ ಬಗ್ಗೆನೇ ಬರೆದ ಚೀಟಿ ಅದು. ರಕ್ತ ಪರೀಕ್ಷೆ ಮಾಡಿಸಿ, ರಿಪೋರ್ಟ್ ಕೊಡಲ್ಲ ಆದ್ರೆ ಆಪರೇಷನ್ ಮಾಡ್ತೀವಿ ಅಂದ್ರೆ ಒಪ್ತೀರಾ? ರಿಪೇರಿ ಹಕ್ಕಿನ ಬಗ್ಗೆ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ಸಮಿತಿ ಮಾಡ್ತು, ಡಿಸೆಂಬರಿನಲ್ಲಿ ಪೋರ್ಟಲ್ಲೂ ಬಂತು, ವಾಹನಗಳೂ ಅದರಲ್ಲಿ ಸೇರಿವೆ. ಕೌಂಟರಿನಲ್ಲಿ ಕೂತವರಿಗೆ ಮಾತ್ರ ಆ ಸುದ್ದಿ ತಲುಪಿದ ಹಾಗಿಲ್ಲ :)

ಚನ್ನರಾಯಪಟ್ಟಣದಲ್ಲಿ ಪರಿಚಯದ ಹುಡುಗ ಟೇಪಿನ ಸಲಹೆ ಕೊಟ್ಟ. ಅವನ ಮಾತಿನಲ್ಲಿ ಅರ್ಧ ನಿಜ ಇದೆ, ಒಪ್ಕೋತೀನಿ. ಈ ದೀಪ ಒಂದೇ ಹತ್ತಿದ್ರೆ ಮಾಮೂಲಿ ಬ್ರೇಕ್ ಸಾಮಾನ್ಯವಾಗಿ ಕೆಲಸ ಮಾಡುತ್ತೆ, ಚಕ್ರ ಲಾಕ್ ಆಗದ ಹಾಗೆ ತಡೆಯೋದು ಮಾತ್ರ ಇರಲ್ಲ. ಆದ್ರೆ ಆ "ಮಾತ್ರ" ನಮ್ಮ ಕಡೆ ಎಷ್ಟು ದೊಡ್ಡದು ಗೊತ್ತಾ? ಸುಗ್ಗಿಯಲ್ಲಿ ಅರಕಲಗೂಡು ಕಡೆಯ ಯಾವ ರಸ್ತೆಗಾದ್ರೂ ಹೋಗಿ. ಡಾಂಬರಿನ ಮೇಲೇ ರಾಗಿ ಕಣ, ಹುರುಳಿ ಕಣ. ತಿರುವು ದಾಟಿದ ಕೂಡಲೇ ಮೊಣಕಾಲೆತ್ತರ ಹುಲ್ಲು. ಗಾಬರಿಯಲ್ಲಿ ಮುಂದಿನ ಬ್ರೇಕ್ ಹಿಡಿದ್ರೆ ಚಕ್ರ ನಿಲ್ಲುತ್ತೆ, ಬೈಕು ನಿಲ್ಲಲ್ಲ. ಮಳೆಗಾಲದಲ್ಲಿ ಟ್ರಾಕ್ಟರ್ ಚಕ್ರದಿಂದ ಉದುರಿದ ಆಲೂಗಡ್ಡೆ ಹೊಲದ ಕೆಸರು ಬೇರೆ. ಎಬಿಎಸ್ ಇದ್ರೂ ಹುಲ್ಲಿನ ಮೇಲೆ ಬೈಕು ನಿಲ್ಲೋಕೆ ಉದ್ದ ಜಾಗ ಬೇಕು, ಅದೇನು ಮಂತ್ರದಂಡ ಅಲ್ಲ. ಆದ್ರೆ ಬೈಕು ನೆಟ್ಟಗಿರುತ್ತೆ, ಹ್ಯಾಂಡಲ್ ಮಾತು ಕೇಳುತ್ತೆ. ಸಾಲದ್ದಕ್ಕೆ ಆ ಹುರುಳಿ ಬಳ್ಳಿಯೇ ಆಕ್ಸಲ್ಲಿಗೆ ಸುತ್ತಿಕೊಂಡು ಸೆನ್ಸರಿನ ವೈರನ್ನೂ ಎಳೆದುಹಾಕಬಹುದು.

ಕೊನೆಗೆ ನೋಡಿದವರು ಅರಕಲಗೂಡಿನ ಒಬ್ಬ ವಯಸ್ಸಾದ ಮೆಕ್ಯಾನಿಕ್. ಮೊದಲು ಬ್ಯಾಟರಿ ವೋಲ್ಟೇಜ್, ಆಮೇಲೆ ಫ್ಯೂಸ್. ಹ್ಯಾಂಡಲ್ ಎಡಕ್ಕೂ ಬಲಕ್ಕೂ ತಿರುಗಿಸಿ ವೈರ್ ಎಲ್ಲಾದ್ರೂ ಉಜ್ಜಿದ್ಯಾ ಅಂತ ಬೆರಳಲ್ಲೇ ಸವರಿದ್ರು. ಕನೆಕ್ಟರ್ ಬಿಚ್ಚಿ ಪಿನ್ನುಗಳಲ್ಲಿ ಹಸಿರು ಕಿಲುಬು ಇದ್ಯಾ ಅಂತ ಕಣ್ಣಿಗೆ ಹತ್ರ ಹಿಡಿದ್ರು. ಸೆನ್ಸರ್ ತುದಿಯ ಮಣ್ಣು ಒರೆಸಿದ್ರು. ಚಕ್ರ ಅಲ್ಲಾಡಿಸಿ ಬೇರಿಂಗ್ ಸಡಿಲ ಇಲ್ಲ ಅಂದ್ರು. ನಾನು ಜಾಣತನ ತೋರಿಸೋಕೆ "ಮಲ್ಟಿಮೀಟರಲ್ಲಿ ಸೆನ್ಸರಿನ ಓಮ್ಸ್ ನೋಡಿ" ಅಂದೆ. "ಈ ಥರದ್ದಕ್ಕೆ ಕರೆಂಟ್ ಕೊಟ್ರೇನೇ ಸಿಗ್ನಲ್ ಬರೋದು, ಸುಮ್ನೆ ಓಮ್ಸ್ ನೋಡಿ ಏನು ಗೊತ್ತಾಗ್ತದೆ?" ಅಂದ್ರು. ಮುಚ್ಕೊಂಡು ಕೂತೆ.

ಆಮೇಲೆ ಮುಂದಿನ ಚಕ್ರ ಎತ್ತಿ, ನಿಧಾನ ತಿರುಗಿಸಿ, ಡಿಸ್ಕಿನ ಪಕ್ಕದ ತೂತು ತೂತಿನ ರಿಂಗು ಸೆನ್ಸರಿಗೆ ಎಷ್ಟು ಹತ್ರ ಅಂತ ನೋಡಿದ್ರು. ಒಂದು ಕಡೆ ತಾಗೋ ಹಾಗೆ, ಅದರ ಎದುರು ಕಡೆ ದೂರ! ರಿಂಗು ಸೊಟ್ಟ. "ಟೈರ್ ಹಾಕೋವಾಗ ಡಿಸ್ಕ್ ಕೆಳಗೆ ಮಾಡಿ ಮಲಗಿಸಿ ತುಳಿದವ್ರೆ ಸಾ." ಸುತ್ತಿಗೆ ತಗೊಳ್ತಾರೇನೋ ಅಂತ ಹೆದರಿದ್ದೆ. ಇಲ್ಲ, ಹೊಸ ರಿಂಗು ತರಿಸಿದ್ರು. ರಿಂಗು, ಕೂಲಿ ಸೇರಿ ಸಾವಿರದ ಒಳಗೆ. ಪೇಟೆ ಬೀದಿ ದಾಟೋದ್ರೊಳಗೆ ದೀಪ ಆರಿತು.

ಹೀಗಂತ ಮಾಡ್ಯುಲೇಟರ್ ಕೆಡೋದೇ ಇಲ್ಲ ಅಂತಲ್ಲ. ಬ್ರೇಕ್ ಆಯಿಲ್ ವರ್ಷಗಟ್ಟಲೆ ಬದಲಾಯಿಸದಿದ್ರೆ ನೀರು ಸೇರಿ ಅದರ ಒಳಗೂ ತುಕ್ಕು ಹಿಡಿಯುತ್ತೆ. ಆ ತಪ್ಪು ನಮ್ಮದೇ. ಆದ್ರೆ ಅದು ಕೊನೆಗೆ ಅನುಮಾನಿಸಬೇಕಾದ ಭಾಗ, ಮೊದಲಲ್ಲ.

ಹಾಸನಕ್ಕೆ ಬಂದವನು ಆ ಸರ್ವಿಸ್ ಸೆಂಟರಿಗೇ ಹೋಗಿ ಸೊಟ್ಟ ರಿಂಗನ್ನ ಕೌಂಟರ್ ಮೇಲಿಟ್ಟೆ. ಕೋಡನ್ನ ಜಾಬ್ ಕಾರ್ಡಿನಲ್ಲಿ ಬರೆದು ಸೀಲ್ ಹಾಕಿ ಕೊಡಿ ಅಂದೆ. ಮ್ಯಾನೇಜರ್ ಊಟಕ್ಕೆ ಹೋಗಿದ್ದಾರಂತೆ. ನಾಳೆ ಮತ್ತೆ ಹೋಗ್ತೀನಿ.