ನದಿ ತಿರುವು: ಲೆಕ್ಕಕ್ಕೆ ಬಾರದ ಕಿರುಜೀವಿಗಳು

ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ 2024ರ ಸೆಪ್ಟೆಂಬರ್ 6ರಂದು ಚಾಲನೆ ದೊರೆಯಿತು. ಪಶ್ಚಿಮಕ್ಕೆ ಹರಿದು ನೇತ್ರಾವತಿ ಸೇರುವ ಹಳ್ಳಗಳ ನೀರನ್ನು ಮೇಲೆತ್ತಿ ಪೂರ್ವದ ಬಯಲುಸೀಮೆಗೆ ಹರಿಸುವ ಈ ಯೋಜನೆಯ ಚರ್ಚೆ 24.01 ಟಿಎಂಸಿ ನೀರು, ವೆಚ್ಚ ಹಾಗೂ ಕಾಡಿನ ಸುತ್ತಲೇ ನಡೆದಿದೆ. ನೀರಿನೊಡನೆ ಸಾಗುವ ಜೀವಿಗಳ ಪ್ರಸ್ತಾಪ ವಿರಳ.

ಸೀಗಡಿ, ಏಡಿಗಳ ಬಳಗಕ್ಕೆ ಸೇರಿದ ನೀರುಚಿಗಟ, ಸೈಕ್ಲಾಪ್ಸ್ ಮೊದಲಾದವು ಸಾಮಾನ್ಯವಾಗಿ ಒಂದೆರಡು ಮಿಲಿಮೀಟರ್‌ ಗಾತ್ರದವು. ಪಾಚಿ ತಿಂದು ಬೆಳೆದು, ಮೀನುಮರಿಗಳಿಗೆ ಆಹಾರವಾಗುವ ನೀರುಚಿಗಟದಂಥವು ನದಿಯ ಆಹಾರ ಸರಪಳಿಯ ಮುಖ್ಯ ಕೊಂಡಿ. ಮಡು, ಮರಳು, ಕೊಳೆತ ಎಲೆಯ ರಾಶಿ ಹೀಗೆ ನೆಲೆ ಬದಲಾದಂತೆ ಪ್ರಭೇದಗಳೂ ಬದಲಾಗುತ್ತವೆ. ನೀರುಚಿಗಟದ ಸುಪ್ತ ಮೊಟ್ಟೆಗಳು ಕೆಸರು ಒಣಗಿದರೂ ಬದುಕುಳಿಯಬಲ್ಲವು.

ನದಿಗಳನ್ನು ಬೆಸೆದರೆ ಏನಾಗಬಹುದೆಂಬುದಕ್ಕೆ ಯುರೋಪಿನ ನಿದರ್ಶನವಿದೆ. 1992ರಲ್ಲಿ ಜರ್ಮನಿಯ ಮೈನ್–ಡ್ಯಾನ್ಯೂಬ್ ಕಾಲುವೆ ಪೂರ್ಣಗೊಂಡು ಡ್ಯಾನ್ಯೂಬ್, ರೈನ್ ಕೊಳ್ಳಗಳು ಕೂಡಿಕೊಂಡವು. ಕೆಲವೇ ವರ್ಷಗಳಲ್ಲಿ ಕಪ್ಪು ಸಮುದ್ರ ಸೀಮೆಯ 'ಕೊಲೆಗಾರ ಸೀಗಡಿ' ರೈನ್ ಸೇರಿತು. ಮೂರು ಸೆಂಟಿಮೀಟರ್ ಉದ್ದದ ಈ ಜೀವಿ ಸ್ಥಳೀಯ ಪ್ರಭೇದಗಳನ್ನು ತಿಂದು ಮೂಲೆಗೊತ್ತಿತು. 2010ರಲ್ಲಿ ಇಂಗ್ಲೆಂಡಿನಲ್ಲೂ ಪತ್ತೆಯಾಯಿತು.

ಎತ್ತಿನಹೊಳೆಯಲ್ಲೂ ಹೀಗೇ ಆಗುವುದೆಂದು ಹೇಳಲಾಗದು. ಇಲ್ಲಿ ನೀರಿನ ಪಯಣ ಒಮ್ಮುಖ. ಆದುದರಿಂದ ಘಟ್ಟದ ಹಳ್ಳಗಳಿಗೆ ಹರಿವು ತಗ್ಗುವ ಆತಂಕ. ಬಯಲಿನ ಕೆರೆಗಳಿಗೆ ಹೊಸ ಜೀವಿಗಳು ಬಂದು ಸೇರುವ ಸಾಧ್ಯತೆ. ಎರಡೂ ಕಡೆ ಈಗ ಯಾವ ಪ್ರಭೇದಗಳಿವೆ ಎಂಬ ಗಣತಿ ಯೋಜನೆ ಪೂರ್ಣಗೊಳ್ಳುವ ಮುನ್ನವೇ ಆಗಬೇಕು. ನೀರು ಬೆರೆತ ಬಳಿಕ ಯಾವುದು ಮೂಲದ್ದು, ಯಾವುದು ವಲಸೆ ಬಂದದ್ದು ಎಂದು ಗುರುತಿಸುವುದು ಕಷ್ಟ.